ಚಾಕೊಲೇಟ್ ಪ್ರಸಾದ

ಚನ್ನೇಶನಿಗೆ ಬಾಯಿಗಿಂತ ಕೈ ಮುಂದು. ಗುಬ್ಬಿಯಲ್ಲಿ ಅವನ ಬೀದಿಯವರನ್ನು ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದವನಿಗೆ ಒಂದು, ತುಳಿದು ನಕ್ಕವನಿಗೆ ಎರಡು. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಹನ್ನೆರಡು ವರ್ಷ ಪವರ್ ಪ್ರೆಸ್ ಮುಂದೆ ನಿಂತು ತಗಡು ಒತ್ತಿದ ಕೈ ಅದು. ಬಿದ್ದ ಕಡೆ ಬಾವು ಬರಿಸದೆ ಬಿಡುತ್ತಿರಲಿಲ್ಲ. ಆದರೆ ಅಂಥ ಚನ್ನೇಶನೂ ಜಂಗಮರ ಮೇಲೆ ಕೈ ಎತ್ತಿದವನಲ್ಲ. ಅವನೇನು, ಅವನ ವಂಶದಲ್ಲೇ ಯಾರೂ ಎತ್ತಿದವರಲ್ಲ. ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ತುಮಕೂರಿನಿಂದ ಕುಣಿಗಲ್ಲಿಗೆ ಬೈಕು ಓಡಿಸುತ್ತಿದ್ದದ್ದು ಹಾಗೆ ಕೈ ಎತ್ತುವುದಕ್ಕೇ. ರುದ್ರಯ್ಯನವರನ್ನು ಹೊಡೆಯಬೇಕು. ಸತ್ತರೆ ಸಾಯಲಿ.

ರುದ್ರಯ್ಯನವರು ಕುಣಿಗಲ್ಲಿನ ಜಂಗಮರು. ಅರವತ್ತೈದು ದಾಟಿತ್ತು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕಾವಿ ಶಾಲು, ಮೆತ್ತನೆಯ ಮಾತು. ಗುಬ್ಬಿಯಲ್ಲಿ ಅವರಿಗೆ ಹತ್ತು ಹನ್ನೆರಡು ಭಕ್ತರ ಮನೆಗಳಿದ್ದವು. ಸೋಮವಾರ ಸೋಮವಾರ ಬಸ್ಸು ಹತ್ತಿ ಬಂದು, ಪಾದಪೂಜೆ ಮಾಡಿಸಿಕೊಂಡು, ಒಳ್ಳೆಯದಾಗಲಿ ಎಂದು ಹರಸಿ ಹೋಗುವುದು ಅವರಪ್ಪನ ಕಾಲದಿಂದ ನಡೆದು ಬಂದದ್ದು. ಅವರು ಬಾಳೆಹಣ್ಣು ಕೊಡಲಿ, ಕಲ್ಲುಸಕ್ಕರೆ ಕೊಡಲಿ, ಅದು ಪ್ರಸಾದ. ಪ್ರಸಾದವನ್ನು ಬೇಡ ಎನ್ನುವಂತಿಲ್ಲ, ಬಿಸಾಡುವಂತಿಲ್ಲ, ಅನುಮಾನಿಸುವಂತಂತೂ ಇಲ್ಲವೇ ಇಲ್ಲ. ಚನ್ನೇಶನ ತಾಯಿ ಬಸವಲಿಂಗಮ್ಮ ಈ ಮಾತಿನಲ್ಲಿ ಊರಿಗೇ ಮುಂದು.

ಇಂಥ ಅಯ್ಯನವರ ಜೋಳಿಗೆಗೆ ಐದು ತಿಂಗಳ ಕೆಳಗೆ ಚಾಕೊಲೇಟ್ ಬಂದು ಬಿತ್ತು. ಅವರ ಸೊಸೆ ರೂಪಶ್ರೀ ಫೋನಿನಲ್ಲಿ ನೋಡಿ ಕಲಿತು, ಕೋಕೋ ತರಿಸಿ, ಮನೆಯಲ್ಲೇ ಕಪ್ಪು ಚಾಕೊಲೇಟ್ ಮಾಡಲು ಶುರು ಮಾಡಿದ್ದಳು. ಸಕ್ಕರೆ ಕಡಿಮೆ, ಕಹಿ ಜಾಸ್ತಿ. ಕುಣಿಗಲ್ಲಿನ ಅಂಗಡಿಯವರು ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. ಆಗ ಅವಳು ಒಂದು ಚೀಟಿ ಅಚ್ಚು ಹಾಕಿಸಿದಳು: ಚಾಕೊಲೇಟ್ ತಿಂದರೆ ರಕ್ತದೊತ್ತಡ ಇಳಿಯುತ್ತದೆ, ಹೃದಯ ಗಟ್ಟಿಯಾಗುತ್ತದೆ, ಜ್ಞಾಪಕಶಕ್ತಿ ಹೆಚ್ಚುತ್ತದೆ, ಮನಸ್ಸು ಉಲ್ಲಾಸವಾಗಿರುತ್ತದೆ. ಇದು ಔಷಧಿಗೆ ಬದಲಲ್ಲ ಎಂಬ ಒಂದು ಸಾಲೂ ಇತ್ತು. ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಆಮೇಲೆ ಮಾವನಿಗೆ ಹೇಳಿದಳು, "ನೀವು ಕೊಟ್ರೆ ಯಾರೂ ಬ್ಯಾಡ ಅನ್ನಲ್ಲ ಮಾವ." ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ಆದರೆ ಅವಳಿಗೂ ಅಷ್ಟು ಆಳ ಇದೆಯೆಂದು ಗೊತ್ತಿರಲಿಲ್ಲ, ಪಾಪ.

ಯಾರೂ ಬೇಡ ಎನ್ನಲಿಲ್ಲ. ಬಸವಲಿಂಗಮ್ಮ ಸೆರಗು ಒಡ್ಡಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಅವಳಿಗೆ ಎಂಟು ವರ್ಷದಿಂದ ಬಿಪಿ. "ದಿನಾ ಪೂಜೆ ಆದ್ಮೇಲೆ ಒಂದ್ ಚೂರು ನಂಬ್ಕಂಡು ತಿನ್ನವ್ವಾ, ಒಳ್ಳೇದಾಯ್ತದೆ" ಎಂದರು ಅಯ್ಯನವರು. ಅಷ್ಟೇ ಅಂದದ್ದು. ಮಿಕ್ಕಿದ್ದನ್ನು ಬಸವಲಿಂಗಮ್ಮನ ಭಕ್ತಿ ಪೂರೈಸಿತು. ಪ್ರಸಾದವೂ ಇರಲಿ, ಮಾತ್ರೆಯೂ ಇರಲಿ ಎಂದರೆ ಅದೆಂಥ ನಂಬಿಕೆ? ಒಂದು ಕಾಲು ಈ ದೋಣಿಯಲ್ಲಿ, ಇನ್ನೊಂದು ಕಾಲು ಆ ದೋಣಿಯಲ್ಲಿ. ಸೊಸೆ ಕಾವ್ಯ ದಿನಾ ಬೆಳಿಗ್ಗೆ ಕೈಗೆ ಕೊಡುತ್ತಿದ್ದ ಮಾತ್ರೆಯನ್ನು ಅವಳು ಬಾಯಿಗೆ ಹಾಕಿಕೊಂಡಂತೆ ಮಾಡಿ, ಹಿತ್ತಲಿಗೆ ಹೋಗಿ ದಾಸವಾಳದ ಕುಂಡಕ್ಕೆ ಉಗುಳಿ ಬರುತ್ತಿದ್ದಳು. ಬೀದಿಯವರಿಗೆಲ್ಲ ಅಯ್ಯನವರ ಕೈಗುಣದಿಂದ ಮೈ ಹಗುರವಾಯಿತೆಂದು ಹೇಳಿಕೊಂಡು ತಿರುಗಿದಳು.

ಮಂಗಳವಾರ ಬೆಳಿಗ್ಗೆ ಪೂಜೆಗೆ ಕೂತವಳು ಪಕ್ಕಕ್ಕೆ ವಾಲಿದಳು. ಬಾಯಿ ಸೊಟ್ಟಗಾಯಿತು. ಬಲಗೈ, ಬಲಗಾಲು ಬಿದ್ದುಹೋದವು. ಚನ್ನೇಶ ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಓಡಿ, ಎದುರಿಗೆ ಬಂದ ಕಾರನ್ನು ಅಡ್ಡಗಟ್ಟಿ, ಡ್ರೈವರನ ಕಾಲರ್ ಹಿಡಿದು ತುಮಕೂರಿಗೆ ಓಡಿಸಿಕೊಂಡು ಬಂದ. ನರ್ಸಿಂಗ್ ಹೋಮಿನ ಡಾಕ್ಟರ್ ಮುಬಶ್ಶಿರಾ ನೋಡಿದಾಗ ಬಿಪಿ ಇನ್ನೂರ ಇಪ್ಪತ್ತು ಇತ್ತು. ರಾತ್ರಿಯೆಲ್ಲ ಡ್ರಿಪ್ ಹಾಕಿ ಇಳಿಸಿದರು.

"ಡಾರ್ಕ್ ಚಾಕೊಲೇಟ್ ಕೆಟ್ಟದ್ದಲ್ಲ ರೀ," ಎಂದರು ಬೆಳಿಗ್ಗೆ ಆ ಡಾಕ್ಟರಮ್ಮ, ಕಾವ್ಯ ತಂದು ತೋರಿಸಿದ ಚೀಟಿಯನ್ನು ಓದಿ. "ದಿನಾ ಒಂದು ಚೂರು ತಿಂದ್ರೆ ಒಂದೆರಡು ಪಾಯಿಂಟ್ ಬಿಪಿ ಇಳಿದ್ರೂ ಇಳೀಬೋದು. ಇವರದ್ದು ಇಳೀಬೇಕಾಗಿದ್ದು ಎಂಬತ್ತು ಪಾಯಿಂಟ್. ಮಾತ್ರೆ ಯಾಕ್ ಬಿಡಿಸಿದ್ರಿ? ಈಗಿಂದ್ಲೇ ಮಾತ್ರೆ ಶುರು ಮಾಡ್ತೀವಿ. ತಪ್ಪಿಸೋ ಹಾಗಿಲ್ಲ. ಇನ್ನೊಂದು ಸ್ಟ್ರೋಕ್ ಆದ್ರೆ ನನ್ ಕೈಲಿ ಏನೂ ಇಲ್ಲ."

ಮಾತ್ರೆ ಬಿಟ್ಟದ್ದೇ ಚನ್ನೇಶನಿಗೆ ಗೊತ್ತಿರಲಿಲ್ಲ. ಗುಬ್ಬಿಗೆ ಹೋಗಿ ಬಟ್ಟೆಯನ್ನೂ ಅವನ ಬೈಕನ್ನೂ ತಂದಿದ್ದ ಕಾವ್ಯ ಆಗ ಹೇಳಿದಳು: ದಾಸವಾಳದ ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಮಾತ್ರೆಗಳು ಕರಗಿ ಹೆಪ್ಪುಗಟ್ಟಿದ್ದವು.  ಚನ್ನೇಶ ಬೈಕಿನ ಕೀ ತೆಗೆದುಕೊಂಡು ಮೆಟ್ಟಿಲಿಳಿದ. ಹೆಂಡತಿ ಹಿಂದಿನಿಂದ ಕೂಗಿದ್ದು ಕೇಳಿಸಿದರೂ ನಿಲ್ಲಲಿಲ್ಲ.

ಕುಣಿಗಲ್ಲಿನಲ್ಲಿ ರುದ್ರಯ್ಯನವರು ಆಗತಾನೆ ಪೂಜೆ ಮುಗಿಸಿ ನಡುಮನೆಯಲ್ಲಿ ಕೂತಿದ್ದರು. ಒಳಗೆ ಅಡಿಗೆಮನೆಯಲ್ಲಿ ರೂಪಶ್ರೀ ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಚಾಕೊಲೇಟ್ ಕರಗಿಸುತ್ತಿದ್ದಳು. ಅದರ ಗಮ ಬೀದಿಗೇ ಬರುತ್ತಿತ್ತು. ಆ ಗಮ ಮೂಗಿಗೆ ಬಡಿದದ್ದೇ ಚನ್ನೇಶನ ಕಣ್ಣಿಗೆ ಕತ್ತಲೆ ಬಂತು.

"ಬಾರಪ್ಪಾ ಚನ್ನೇಶ. ಏನ್ ಇಷ್ಟ್ ದೂರ? ಅವ್ವ ಹೆಂಗವ್ಳೆ?" ಎಂದರು ಅಯ್ಯನವರು.

ಆ ಮಾತು ಮುಗಿಯುತ್ತಲೇ ಏಟು ಬಿತ್ತು. ಅಯ್ಯನವರು ಕೂತ ಮಣೆಯಿಂದ ಉರುಳಿ ಗೋಡೆಗೆ ತಲೆ ಬಡಿಸಿಕೊಂಡರು. ಚನ್ನೇಶನ ಅಂಗೈಗೆ ಅವರ ವಿಭೂತಿ ಮೆತ್ತಿತ್ತು. ಅದನ್ನು ನೋಡಿ ಒಂದು ಕ್ಷಣ ಅವನಿಗೇ ಭಯವಾಯಿತು. ಭಯಕ್ಕೆ ಇನ್ನೊಂದು ಹೊಡೆದ. ತುಟಿ ಒಡೆದು ರಕ್ತ ಗಡ್ಡಕ್ಕೆ ಇಳಿಯಿತು. ಎದೆಯ ಮೇಲಿನ ಬಟ್ಟೆ ಹಿಡಿದು ಎತ್ತಿ ನಿಲ್ಲಿಸಿ ಹೊಟ್ಟೆಗೆ ಗುದ್ದಿದ. ಮುದುಕ ಉಸಿರು ಸಿಗದೆ ಬಗ್ಗಿದಾಗ ಬೆನ್ನಿಗೆ ಮೊಳಕೈಯಿಂದ ಕುಟ್ಟಿದ.

"ಮಾತ್ರೆ ಬುಡು ಅಂದ್ಯಾ ನಮ್ಮವ್ವಂಗೆ? ಹೇಳಯ್ಯಾ! ಅಂದ್ಯಾ?"

"ಇಲ್ಲ ಕಣಪ್ಪಾ... ನಾನ್ ಹಂಗಂದಿಲ್ಲ... ಏನಾತು ಅವ್ವಂಗೆ?"

"ಬಿದ್ದವ್ಳೆ! ಅರ್ಧ ಮೈ ಸತ್ತೋಗದೆ! ಬುಟ್ಟವ್ಳೆ ಅಂತಾನಾದ್ರೂ ಗೊತ್ತಿತ್ತಾ ನಿಂಗೆ?"

ಇಲ್ಲ ಎಂದಿದ್ದರೆ ಚನ್ನೇಶ ಅಲ್ಲಿಗೆ ನಿಲ್ಲಿಸುತ್ತಿದ್ದನೋ ಏನೋ. ಆದರೆ ರುದ್ರಯ್ಯನವರು ಬಾಗಿಲ ಚೌಕಟ್ಟನ್ನು ಬಲಗೈಯಲ್ಲಿ ಹಿಡಿದು ನಿಂತುಕೊಳ್ಳುತ್ತಾ ನಿಜವನ್ನೇ ಹೇಳಿದರು.

"ಗೊತ್ತಿತ್ತು. ಎಲ್ಡ್ ತಿಂಗ್ಳಿಂದೆ ಅವ್ಳೇ ಹೇಳಿದ್ಲು. ತಪ್ಪು ಕಣವ್ವಾ ಅನ್ಬೇಕಾಗಿತ್ತು, ಅನ್ನಿಲ್ಲ. ನನ್ ಕೈಗುಣ, ನನ್ ಕೈಗುಣ ಅಂತ ಊರೆಲ್ಲ ಹೇಳ್ತಿದ್ಲು. ಕೇಳಕ್ಕೆ ಹಿತವಾಗಿತ್ತು ನಂಗೆ."

ಚನ್ನೇಶ ಆ ಹಳೆಯ ಹೊನ್ನೆಮರದ ಬಾಗಿಲನ್ನು ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಆ ಕೈಯ ಮೇಲೆ ಬಡಿದ. ಬೆರಳುಗಳು ಚೌಕಟ್ಟಿಗೂ ಬಾಗಿಲಿಗೂ ನಡುವೆ ಸಿಕ್ಕಿಕೊಂಡವು. ಪ್ರೆಸ್ಸಿಗೆ ಕೈ ಕೊಟ್ಟವರನ್ನು ಫ್ಯಾಕ್ಟರಿಯಲ್ಲಿ ಕಂಡಿದ್ದ ಅವನಿಗೆ ಆ ಸದ್ದು ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ತೆರೆದು ಇನ್ನೊಂದು ಸಲ ಬಡಿದ. ರುದ್ರಯ್ಯನವರು ಶಿವಾ ಎಂದು ಕೂಡ ಅನ್ನಲಾಗದೆ ಹೊಸ್ತಿಲ ಮೇಲೆ ಕುಸಿದರು.

ಆಗ ಬೆನ್ನ ಮೇಲೆ ಬೆಂಕಿ ಬಿತ್ತು. ರೂಪಶ್ರೀ ಮೇಲಿನ ಚಾಕೊಲೇಟ್ ಪಾತ್ರೆಯನ್ನು ನೆಲಕ್ಕೆ ಬಿಸಾಡಿ, ಕೆಳಗಿನ ಕುದಿನೀರನ್ನು ಪಾತ್ರೆ ಸಮೇತ ತಂದು ಅವನ ಕತ್ತಿಗೆ ಎರಚಿದ್ದಳು. ಚನ್ನೇಶ ಅರಚಿಕೊಂಡು ಬೀದಿಗೆ ಬಿದ್ದ. "ಸಾಯ್ಸಕ್ ಬಂದ್ಯೇನೋ! ಸಾಯ್ಸಕ್ ಬಂದ್ಯೇನೋ ನಮ್ ಮಾವನ್ನ!" ಎಂದು ಅದೇ ಪಾತ್ರೆಯಲ್ಲಿ ಅವನ ತಲೆಗೂ ಬಾರಿಸಿದಳು. ಪಕ್ಕದ ಮನೆಯ ಶಿವಮೂರ್ತಿ ದೊಣ್ಣೆ ಹಿಡಿದು ಓಡಿ ಬಂದ. ಅಯ್ಯನವರ ರಕ್ತ ಕಂಡ ಮೇಲೆ ಅವನೇನು ವಿಚಾರಣೆ ಮಾಡುತ್ತಾನೆ? ಪಕ್ಕೆಗೆ, ಮಂಡಿಗೆ, ಸೊಂಟಕ್ಕೆ ಬಾರಿಸಿದ. ಚನ್ನೇಶ ಎದ್ದು ದೊಣ್ಣೆ ಕಿತ್ತುಕೊಂಡು ಶಿವಮೂರ್ತಿಯ ಭುಜಕ್ಕೆ ಒಂದು ಬಿಟ್ಟ. ಇಷ್ಟರ ನಡುವೆ ಅವನ ಜೇಬಿನ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಮೊದಲ ಏಟಿನಿಂದಲೂ ಹೊಡೆದುಕೊಳ್ಳುತ್ತಿತ್ತು.

ತಾಯಿ ಹೋದಳೇನೋ ಎಂದು ಒಂದೇ ಸಲಕ್ಕೆ ಹೊಳೆದು ಅವನು ದೊಣ್ಣೆ ಕೆಳಗೆ ಹಾಕಿದ. ಫೋನು ತೆಗೆದ.

"ಎಷ್ಟ್ ಸಲ ಮಾಡ್ಲಿ ನಿಮ್ಗೆ?" ಕಾವ್ಯ ಅಳುತ್ತಿದ್ದಳು. "ಅತ್ತೆ ಮಾತ್ರೆ ನುಂಗ್ತಿಲ್ಲ ಕಣ್ರೀ. ಹಲ್ ಕಚ್ಕಂಡವ್ರೆ. ಗಂಜಿಲಿ ಅರ್ದು ಕೊಟ್ರೆ ಉಗುದ್ಬುಟ್ರು. ಡ್ರಿಪ್ ಸೂಜಿ ಎಡಗೈಲಿ ಕಿತ್ತಾಕವ್ರೆ. ಭಾನ್ವಾರ ತಲೆ ಸುತ್ತಿ ಹೆದ್ರಿ ಒಂದ್ ಮಾತ್ರೆ ನುಂಗಿದ್ರಂತೆ, ಅದಕ್ಕೇ ಶಿವ ಹಿಂಗ್ ಮಾಡ್ದ ಅಂತವ್ರೆ. ಐನೋರ್ ಕೈಯಿಂದ ಕೊಟ್ರೆ ಮಾತ್ರ ತಗೋತೀನಿ, ಇಲ್ಲಾಂದ್ರೆ ಸಾಯ್ತೀನಿ ಅಂತವ್ರೆ. ಬಿಪಿ ಮತ್ತೆ ಏರ್ತಾ ಅದೆ ಅಂದ್ರು ಡಾಕ್ಟ್ರು. ಐನೋರ್ನ ಕರ್ಕಂಬನ್ನಿ. ಬ್ಯಾಗ ಬನ್ನಿ."

ಚನ್ನೇಶ ಹೊಸ್ತಿಲ ಕಡೆ ನೋಡಿದ. ರುದ್ರಯ್ಯನವರ ಬಲಗೈ ಅಂಗಾತ ಬಿದ್ದಿತ್ತು. ಎರಡು ಬೆರಳು ಸಲ್ಲದ ಕಡೆಗೆ ತಿರುಗಿದ್ದವು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅವನ ತಾಯಿ ಅವನಿಗೆ ಸಾವಿರ ಸಲ ಹೇಳಿದ್ದಳು. ಪ್ರತಿ ಸಲವೂ ಅದು ಬೇರೆಯವರ ಮೂಗಾಗಿತ್ತು. ಈ ಸಲ ತನ್ನದೇ.

ಅವನು ಮಂಡಿಯೂರಿ ಹೇಳಬೇಕಾದದ್ದನ್ನೆಲ್ಲ ಹೇಳಿದ. ಶಿವಮೂರ್ತಿ ಪೊಲೀಸರಿಗೆ ಫೋನು ಮಾಡುತ್ತೇನೆ ಎಂದ. ರೂಪಶ್ರೀ, "ಮೊದ್ಲು ಕೈಗೆ ಕಟ್ಟಾಕ್ಸನ, ಆಮ್ಯಾಕೆ ಮಿಕ್ಕಿದ್ದು. ಯಾವನ ಅವ್ವ ಎಂಗಾದ್ರೇನು ನಮ್ಗೆ!" ಎಂದಳು. ರುದ್ರಯ್ಯನವರು ಇಬ್ಬರಿಗೂ ಬೇಡ ಎಂದು ತಲೆಯಾಡಿಸಿದರು.

"ಅವ್ಳು ಸತ್ರೆ ಈ ಕೈ ಇದ್ದೇನ್ ಮಾಡ್ಲಿ? ನಡಿ," ಎಂದರು.

ಒಂದು ಬೈಕು, ಮೂರು ಜನ. ಮುಂದೆ ಚನ್ನೇಶ, ನಡುವೆ ಅಯ್ಯನವರು, ಹಿಂದೆ ಮಾವ ಬೀಳದಂತೆ ಹಿಡಿದುಕೊಂಡ ರೂಪಶ್ರೀ. ಅಯ್ಯನವರ ಕೈಯನ್ನು ಅವರದೇ ಕಾವಿ ಶಾಲಿನಲ್ಲಿ ಸುತ್ತಿ ಎದೆಗೆ ಕಟ್ಟಿದ್ದರು. ಚನ್ನೇಶನ ಕತ್ತಿನ ಚರ್ಮ ಸುಲಿದು, ಗಾಳಿ ತಾಗಿದರೆ ಜೀವ ಹೋಗುತ್ತಿತ್ತು. ಅದರ ಮೇಲೇ ಮುದುಕನ ಉಸಿರು ಬೀಳುತ್ತಿತ್ತು. ರಸ್ತೆಯ ಒಂದೊಂದು ಉಬ್ಬಿಗೂ ಹಿಂದಿನಿಂದ ಒಂದು ಮುಲುಕು. ನಿಧಾನ ಹೋದರೆ ತಾಯಿ ಸಾಯುತ್ತಾಳೆ, ಜೋರು ಹೋದರೆ ಮುದುಕ ಮೂರ್ಛೆ ಹೋಗುತ್ತಾನೆ. ಹೆಬ್ಬೂರು ದಾಟುವಾಗ ರೂಪಶ್ರೀ ಹಿಂದಿನಿಂದಲೇ ಕೈ ಚಾಚಿ ಚನ್ನೇಶನ ಬೆನ್ನಿಗೆ ಗುದ್ದಿದಳು. "ನೋಡ್ಕಂಡ್ ಓಡ್ಸೋ ಪಾಪಿ!" ಅವನು ಸಹಿಸಿಕೊಂಡ. ಹುಟ್ಟಿದ ಮೇಲೆ ಏಟು ತಿಂದು ತಿರುಗಿಸಿ ಕೊಡದೆ ಇದ್ದದ್ದು ಅದೇ ಮೊದಲು.

ಗೂಳೂರು ಹತ್ತಿರ ಅವನು ತಲೆ ತಿರುಗಿಸದೆ ಹೇಳಿದ, "ಐನೋರೆ, ಮಾತ್ರೆನ ಪ್ರಸಾದ ಅಂತ ಹೇಳಿ ಕೊಟ್ಬುಡಿ."



"ಪ್ರಸಾದ ಅಲ್ದೇ ಇರೋದ್ನ ಪ್ರಸಾದ ಅಂತ ಕೊಟ್ಟಿದ್ಕೇ ಅಲ್ವೇನಪ್ಪಾ ನೀನು ನನ್ ಕೈ ಮುರ್ದಿದ್ದು?" ಎಂದರು ರುದ್ರಯ್ಯನವರು.

ಚನ್ನೇಶ ಮುಂದಿನ ಗುಂಡಿ ತಪ್ಪಿಸಿ ಬೈಕು ಓಡಿಸಿದ.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಮುಬಶ್ಶಿರಾ ಆ ಮೂವರನ್ನು ನೋಡಿ, ರೋಗಿ ಯಾರು ಎಂದು ಕೇಳಿದರು. ಆಮೇಲೆ ಅಯ್ಯನವರ ಕೈ ನೋಡಿ ಮುಖ ಗಂಟಿಕ್ಕಿ, ಮೊದಲು ಎಕ್ಸ್‌ರೇ ಎಂದರು. ರುದ್ರಯ್ಯನವರು ಅವರಿಗೂ ಕಾಯದೆ ವಾರ್ಡಿಗೆ ನಡೆದರು. ಬಾಗಿಲಲ್ಲಿ ನಿಂತು, ಎಡಗೈಯಿಂದ ಗಡ್ಡದ ರಕ್ತ ಒರೆಸಿಕೊಂಡರು. ಒಳಗೆ ಬಸವಲಿಂಗಮ್ಮ ಕಾವ್ಯನ ಕೈಯಲ್ಲಿದ್ದ ಮಾತ್ರೆಗೆ ಮುಖ ತಿರುಗಿಸಿ ಮಲಗಿದ್ದಳು. ಪಕ್ಕದ ಯಂತ್ರದಲ್ಲಿ ಇನ್ನೂರು ದಾಟಿದ ಅಂಕಿ ಇತ್ತು.

ಅಯ್ಯನವರನ್ನು ಕಂಡದ್ದೇ ಅವಳು ಕೈ ಮುಗಿಯಲು ಹೋದಳು. ಒಂದೇ ಕೈ ಮೇಲೆದ್ದಿತು. ಇನ್ನೊಂದು ಏಳಲಿಲ್ಲ ಎಂಬುದು ಅವಳಿಗೆ ತಿಳಿದಂತಿರಲಿಲ್ಲ.

"ಬುದ್ಧೀ... ಬಂದ್ರಾ... ಏನಾತು ಮೊಕಕ್ಕೆ?" ಮಾತು ತೊದಲುತ್ತಿತ್ತು.

"ಅದಿರ್ಲಿ ಕಣವ್ವಾ. ನಾನ್ ಹೇಳೋದ್ ಕೇಳು." ರುದ್ರಯ್ಯನವರು ಮಂಚದ ಅಂಚಿಗೆ ಕೂತರು. "ನಾನ್ ಕೊಟ್ಟಿದ್ದು ಪ್ರಸಾದ ಅಲ್ಲ. ನಮ್ ಸೊಸೆ ಮಾಡಿದ್ ಚಾಕೊಲೇಟು. ನೀನ್ ಮಾತ್ರೆ ಬುಟ್ಟಿದ್ದು ತಪ್ಪು, ಗೊತ್ತಿದ್ದೂ ನಾನ್ ಸುಮ್ಕಿದ್ದಿದ್ದು ಇನ್ನೂ ದೊಡ್ ತಪ್ಪು. ಇದು ಮಾತ್ರೆ. ಮಾತ್ರೆ ಅಂತ್ಲೇ ತಗೋ."

ಕಾವ್ಯನಿಂದ ಮಾತ್ರೆ ಇಸಿದುಕೊಂಡು ಎಡಗೈಯಲ್ಲಿ ಅವಳ ಬಾಯಿಗೆ ಹಿಡಿದರು.

ಬಸವಲಿಂಗಮ್ಮ ಆ ಕೈಯನ್ನೇ ನೋಡಿದಳು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಅವಳ ಒಳಗೆ ಇಳಿದಿರಲಿಲ್ಲ.

"ನೀವ್ ಕೊಟ್ಟಿದ್ ಮಣ್ಣೂ ಪ್ರಸಾದನೇ ಬುದ್ಧಿ... ಎಡಗೈಲಿ ಕೊಡ್ತೀರಲ್ಲ... ನನ್ ಮ್ಯಾಲೆ ಕ್ವಾಪವಾ?" ಎಂದು ಸೊಟ್ಟ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯಿತು. ಎಡಗೈಯಲ್ಲಿ ಯಾರೂ ಪ್ರಸಾದ ಕೊಡುವುದಿಲ್ಲ, ಯಾರೂ ತೆಗೆದುಕೊಳ್ಳುವುದೂ ಇಲ್ಲ. ಎಡಗೈಯಲ್ಲಿ ಕೊಡುವುದೆಂದರೆ ಭಕ್ತರ ಲೆಕ್ಕದಿಂದಲೇ ಹೊರಗೆ ಹಾಕಿದಂತೆ.

ಯಂತ್ರದ ಅಂಕಿ ಇನ್ನೂ ನಾಲ್ಕು ಏರಿತು. ರುದ್ರಯ್ಯನವರು ಚನ್ನೇಶನನ್ನು ನೋಡಿದರು. ಕೋಪವಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಚನ್ನೇಶನಿಗೆ ಸುಲಭವಾಗುತ್ತಿತ್ತು. ಅವರು ಕಾವಿ ಶಾಲಿನ ಗಂಟನ್ನು ಎಡಗೈಯಿಂದ ಬಿಚ್ಚಿದರು. ಬಲಗೈ ಊದಿ, ಕಪ್ಪಗಾಗಿ, ಹೆಬ್ಬೆರಳಿನ ತನಕ ಬಾತುಹೋಗಿತ್ತು. ಎತ್ತಲು ನೋಡಿದರು. ಮೊಳಕೈ ಎದ್ದಿತು, ಅಂಗೈ ಜೋತುಬಿದ್ದಿತು.

"ಹಿಡ್ಕಳಪ್ಪಾ," ಎಂದರು.

ಚನ್ನೇಶ ಹಿಡಿದುಕೊಂಡ. ಮಣಿಕಟ್ಟಿನ ಕೆಳಗೆ ಒಂದು ಕೈ, ಬೆರಳುಗಳ ಕೆಳಗೆ ಒಂದು ಕೈ. ಒಳಗೆ ಮೂಳೆ ಮೂಳೆಗೆ ಉಜ್ಜುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಕಾವ್ಯ ಮಾತ್ರೆಯನ್ನು ಆ ಬಾತ ಅಂಗೈಯ ಮೇಲಿಟ್ಟಳು. ಚನ್ನೇಶ ಆ ಕೈಯನ್ನು ಚೂರು ಚೂರೇ ಎತ್ತಿ ತಾಯಿಯ ಬಾಯಿಗೆ ತಂದ. ರುದ್ರಯ್ಯನವರು ಒಡೆದ ತುಟಿಯನ್ನು ಕಚ್ಚಿಕೊಂಡರು, ರಕ್ತ ಮತ್ತೆ ಗಡ್ಡಕ್ಕೆ ಇಳಿಯಿತು. ಬಾಗಿಲಲ್ಲಿ ನಿಂತ ರೂಪಶ್ರೀ ಮಾತ್ರ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ತಲೆ ಒತ್ತಿ ನಿಂತಳು.

ಬಸವಲಿಂಗಮ್ಮ ಬಾಯಿ ತೆರೆದಳು. ಮಾತ್ರೆ ನುಂಗಿದಳು. ನೀರು ಕುಡಿದಳು.

ಆಮೇಲೆ ಮಗನನ್ನು ನೋಡಿದಳು. ಅಯ್ಯನವರ ಕೈಯನ್ನು ಎರಡೂ ಕೈಯಲ್ಲಿ ಹೂವಿನಂತೆ ಹಿಡಿದು, ತಲೆ ಬಗ್ಗಿಸಿ ನಿಂತಿದ್ದ ಮಗ. ಸೋಮವಾರ ಅಯ್ಯನವರು ಬಂದರೆ ಟೀವಿ ಮುಂದಿನಿಂದ ಏಳದವನು, ಪಾದಪೂಜೆಗೆ ಕರೆದರೆ ಶಿಫ್ಟಿಗೆ ಹೊತ್ತಾಯಿತು ಎನ್ನುತ್ತಿದ್ದವನು. ಅವಳ ಸೊಟ್ಟ ಮುಖದಲ್ಲಿ ಒಂದು ಪಕ್ಕ ಮಾತ್ರ ನಕ್ಕಿತು.

"ಈಗ್ಲಾದ್ರೂ ಐನೋರ್ ಕೈ ಹಿಡ್ದಲ್ಲ ಮಗಾ," ಎಂದಳು. "ಬುಡ್ಬ್ಯಾಡ."

ಚನ್ನೇಶನಿಗೆ ಅಳು ಬಂತು. ಕೈ ಬಿಟ್ಟು ಕಣ್ಣೊರೆಸಿಕೊಳ್ಳುವಂತಿರಲಿಲ್ಲ. ಬಿಟ್ಟರೆ ಮುದುಕನ ಕೈ ಜೋತುಬೀಳುತ್ತಿತ್ತು. ಹಾಗೇ ಅತ್ತ. ತಾಯಿ ಅದನ್ನು ಭಕ್ತಿ ಎಂದುಕೊಂಡಳು.

ಡಾಕ್ಟರ್ ಮುಬಶ್ಶಿರಾ ಕೇಸ್ ಶೀಟಿನಲ್ಲಿ ಸಮಯ ಬರೆದರು. ನರ್ಸಿಗೆ ಹೇಳಿ, ಅಯ್ಯನವರಿಗೆ ಗಾಲಿಕುರ್ಚಿ ತರಿಸಿದರು. ಚನ್ನೇಶ ಆ ಕೈಯನ್ನು ಶಾಲಿನೊಳಗೆ ಮೆಲ್ಲಗೆ ಇಳಿಸುವಾಗ ಡಾಕ್ಟರಮ್ಮ ಹೇಳಿದರು, "ರಾತ್ರಿ ಎಂಟಕ್ಕೆ ಇನ್ನೊಂದು ಮಾತ್ರೆ ಇದೆ. ನಾಳೆಯಿಂದ ದಿನಕ್ಕೆ ಎರಡು ಹೊತ್ತು. ನಿಮ್ ತಾಯಿ ಬದುಕಿರೋ ತನಕ."